ಮೇಜಿನ ಈಚೆಗೂ ಒಂದು ಪರದೆ

ಸಮಾಜಕಲ್ಯಾಣದ ಗಣಕವ್ಯವಸ್ಥೆಗಳನ್ನು ರಚಿಸುವವರು ಬಹುಮಟ್ಟಿಗೆ ಒಬ್ಬನೇ ಬಳಕೆದಾರನನ್ನು ಕಲ್ಪಿಸಿಕೊಳ್ಳುತ್ತಾರೆ; ಅವನು ಕೀಲಿಮಣೆಯ ಮುಂದೆ ಕುಳಿತವನು. ನಮ್ಮ ನಾಡಿನ ಮಟ್ಟಿಗೆ ಈ ಕಲ್ಪನೆ ಅಪೂರ್ಣವಾದುದು.

2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯನ್ನೇ ನೋಡಬಹುದು. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ನೀಡುವ ಈ ಯೋಜನೆಗೆ ಅನೇಕ ಮಹಿಳೆಯರು ಗ್ರಾಮ ಒನ್ ಮೊದಲಾದ ಕೇಂದ್ರಗಳಲ್ಲಿ ಅರ್ಜಿ ಸಲ್ಲಿಸಿದರು. ಅಲ್ಲಿ ವಿವರಗಳನ್ನು ತುಂಬುವವನು ನಿರ್ವಾಹಕ. ಅದರ ಫಲವನ್ನು ಅನುಭವಿಸುವವಳು ಮೇಜಿನ ಈಚೆಗೆ ನಿಂತ ಅರ್ಜಿದಾರಳು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆಗಳಲ್ಲಿ ಹೆಸರು ಭಿನ್ನವಾಗಿದ್ದರೆ ಹಣ ನಿಂತುಹೋಗಬಹುದು. ಆ ದೋಷವನ್ನು ಮೊದಲು ಗುರುತಿಸಬಲ್ಲವಳು ಆಕೆಯೇ. ಆದರೆ ಪರದೆ ಆಕೆಯ ಕಡೆಗೆ ಬೆನ್ನುಮಾಡಿರುತ್ತದೆ.

ಪರಿಹಾರದ ಬೀಜ ನಮ್ಮಲ್ಲಿಯೇ ಉಂಟು. 2000ದ ದಶಕದ ಆದಿಯಲ್ಲಿ ತಾಲ್ಲೂಕು ಕಚೇರಿಗಳಲ್ಲಿ ತೆರೆದ ‘ಭೂಮಿ’ ಕೇಂದ್ರಗಳಲ್ಲಿ ರೈತನಿಗೆ ಅಭಿಮುಖವಾಗಿ ಎರಡನೆಯ ಪರದೆಯೊಂದನ್ನು ಇರಿಸಲಾಗಿತ್ತು. 15 ರೂಪಾಯಿ ಶುಲ್ಕ ತೆತ್ತು ಪಹಣಿ ಪಡೆಯುವವನು ತನ್ನ ಕೆಲಸ ನಡೆಯುವುದನ್ನು ಕಣ್ಣಾರೆ ಕಾಣಬಹುದಾಗಿತ್ತು.

ಈ ತತ್ತ್ವದಿಂದ ಮೂರು ನಿಯಮಗಳು ಹೊರಡುತ್ತವೆ. ಮೊದಲನೆಯದಾಗಿ, ಸಲ್ಲಿಸುವ ಮುನ್ನ ವಿವರಗಳೆಲ್ಲ ದಪ್ಪ ಕನ್ನಡ ಅಕ್ಷರಗಳಲ್ಲಿ ಅರ್ಜಿದಾರಳಿಗೆ ಕಾಣಬೇಕು. ಓದು ಬಾರದವರಿಗೆ ಯಂತ್ರವೇ ಓದಿ ಹೇಳಬೇಕು. ಎರಡನೆಯದಾಗಿ, ದಾಖಲೆಗಳ ಭಿನ್ನತೆ ತಿಂಗಳುಗಳ ಬಳಿಕವಲ್ಲ, ಆ ಕ್ಷಣದಲ್ಲಿಯೇ ತಿಳಿಯಬೇಕು. ಮೂರನೆಯದಾಗಿ, ‘ಮಾಹಿತಿ ಹೊಂದಿಕೆಯಾಗಿಲ್ಲ’ ಎಂದಷ್ಟೇ ತಿಳಿಸಿದರೆ ಸಾಲದು. ಯಾವ ದಾಖಲೆಯಲ್ಲಿ ಯಾವ ಅಕ್ಷರ ತಪ್ಪಿದೆ, ತಿದ್ದಿಸಲು ಎಲ್ಲಿಗೆ ಹೋಗಬೇಕು ಎಂಬುದನ್ನು ರಸೀದಿಯಲ್ಲಿ ಮುದ್ರಿಸಬೇಕು.

ವ್ಯವಸ್ಥೆಯ ಯೋಗ್ಯತೆಯನ್ನು ನಿರ್ವಾಹಕನ ವೇಗದಿಂದ ಅಳೆಯುವುದು ಸುಲಭ. ಬರಿಗೈಯಲ್ಲಿ ಹಿಂದಿರುಗುವವಳು ಅದರ ಕಾರಣವನ್ನಾದರೂ ತಿಳಿದು ಹಿಂದಿರುಗುತ್ತಾಳೆಯೇ ಎಂಬುದೇ ಸರಿಯಾದ ಅಳತೆಗೋಲು.