ಶಾಲಾಂತ್ಯ ಪ್ರಮಾಣಪತ್ರವಿಲ್ಲದವರ ವಿಶ್ವವಿದ್ಯಾನಿಲಯ ಪ್ರವೇಶ

೧

ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಬಯಸುವವರು ಮೊದಲು ಶಾಲಾಂತ್ಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕೆಂಬ ನಿಯಮವು ನಮಗೆ ಎಷ್ಟು ಸಹಜವಾಗಿ ತೋರುತ್ತದೆಯೆಂದರೆ, ಅದು ಒಂದು ಕಾಲದಲ್ಲಿ ಒಂದು ಉದ್ದೇಶಕ್ಕಾಗಿ ಮಾಡಿಕೊಂಡ ಏರ್ಪಾಡೆಂಬುದೇ ನೆನಪಿಗೆ ಬರುವುದಿಲ್ಲ. ಬಡತನದಿಂದಲೋ, ಎಳೆಯ ವಯಸ್ಸಿನ ಮದುವೆಯಿಂದಲೋ, ಮನೆಯ ಹೊಣೆ ಹೊರಬೇಕಾಗಿ ಬಂದುದರಿಂದಲೋ ನಡುವೆಯೇ ಶಾಲೆಯನ್ನು ಬಿಟ್ಟವರು ನಮ್ಮಲ್ಲಿ ಅಸಂಖ್ಯರು. ಅಂಥವರಲ್ಲೊಬ್ಬರು ಮೂವತ್ತು ವರ್ಷ ದಾಟಿದ ಮೇಲೆ ಓದನ್ನು ಮುಂದುವರಿಸಲಿಚ್ಛಿಸಿದರೆ ಅವರಿಗೆ ಮಾರ್ಗವುಂಟೆ? ಉಂಟಾದರೆ, ಆ ಮಾರ್ಗದಿಂದ ಪಡೆದ ಪದವಿಗೆ ಹೊರಗಣ ಲೋಕದಲ್ಲಿ ಮನ್ನಣೆಯುಂಟೆ?

ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಸಿಕ್ಕಿತೆಂದು ಎರಡನೆಯದನ್ನು ಕೇಳದೆ ಹೋದವರು ನಮ್ಮ ದೇಶದಲ್ಲಿ ಬಹುವಾಗಿ ನಷ್ಟಪಟ್ಟಿದ್ದಾರೆ. ಆದುದರಿಂದ ಪರ್ಯಾಯ ಪ್ರವೇಶಮಾರ್ಗಗಳ ಸ್ವರೂಪವನ್ನು ವಿವರಿಸುವುದರ ಜೊತೆಗೆ, ಅವುಗಳಲ್ಲಿ ಪ್ರತಿಯೊಂದೂ ವಿದ್ಯಾರ್ಥಿಯನ್ನು ಎಲ್ಲಿಯವರೆಗೆ ಕರೆದೊಯ್ಯುತ್ತದೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

೧೮೫೭ರಲ್ಲಿ ಕಲ್ಕತ್ತ, ಬೊಂಬಾಯಿ ಮತ್ತು ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದಾಗ ಅವುಗಳಿಗೆ ಮಾದರಿಯಾಗಿದ್ದುದು ಲಂಡನ್ ವಿಶ್ವವಿದ್ಯಾನಿಲಯ. ಅಲ್ಲಿಯಂತೆಯೇ ಇಲ್ಲಿಯೂ ವಿಶ್ವವಿದ್ಯಾನಿಲಯವೆಂದರೆ ಆಗ ಪ್ರಧಾನವಾಗಿ ಪರೀಕ್ಷೆ ನಡೆಸಿ ಪದವಿ ನೀಡುವ ಸಂಸ್ಥೆ. ಮೆಟ್ರಿಕ್ಯುಲೇಷನ್ ಎಂಬ ಮಾತಿನ ಮೂಲಾರ್ಥವೂ ಸಂಸ್ಥೆಯ ದಾಖಲೆಯಲ್ಲಿ ಹೆಸರು ಬರೆಯಿಸಿಕೊಳ್ಳುವುದೆಂದೇ. ಆ ಪರೀಕ್ಷೆಯನ್ನು ವಿಶ್ವವಿದ್ಯಾನಿಲಯವು ತಾನೇ ನಡೆಸುತ್ತಿತ್ತು. ಒಳಗೆ ಬರುವವನ ಯೋಗ್ಯತೆಯನ್ನು ಬಾಗಿಲಲ್ಲಿ ನಿಂತು ತಾನೇ ನೋಡುತ್ತಿತ್ತು. ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪಿತವಾಗುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಮತ್ತು ಮೈಸೂರಿನ ಮಹಾರಾಜಾ ಕಾಲೇಜುಗಳು ಮದರಾಸಿನ ಆ ಪರೀಕ್ಷಾವ್ಯವಸ್ಥೆಗೇ ಸೇರಿದ್ದವು.

ಲಂಡನ್ ವಿಶ್ವವಿದ್ಯಾನಿಲಯವು ೧೮೫೮ರ ಸನ್ನದಿನ ಮೂಲಕ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಭ್ಯರ್ಥಿಯು ಅಂಗೀಕೃತ ಕಾಲೇಜೊಂದರಲ್ಲಿ ಓದಿರಲೇಬೇಕೆಂಬ ನಿರ್ಬಂಧವನ್ನು, ವೈದ್ಯಕೀಯದ ಹೊರತು, ತೆಗೆದುಹಾಕಿತು. ಪದವಿ ಪರೀಕ್ಷೆಗೆ ಕುಳಿತುಕೊಳ್ಳುವವನು ಎಲ್ಲಿ ಓದಿದನು, ಯಾರಿಂದ ಕಲಿತನು ಎಂಬುದು ಅಲ್ಲಿಂದ ಮುಂದೆ ಅಪ್ರಸ್ತುತವಾಯಿತು. ಆದರೆ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ಮಾತ್ರ ಅದು ಕೈಬಿಡಲಿಲ್ಲ. ಕಾಲೇಜಿಗೆ ಹೋಗದೆ ಪದವಿ ಪಡೆಯಬಹುದಾಗಿತ್ತು; ಪ್ರವೇಶ ಪರೀಕ್ಷೆಯನ್ನು ದಾಟದೆ ಪಡೆಯುವಂತಿರಲಿಲ್ಲ.

ಕಾಲಕ್ರಮದಲ್ಲಿ ಪ್ರೌಢಶಾಲೆಗಳ ಸಂಖ್ಯೆ ಹೆಚ್ಚಿದಂತೆ ಈ ಪರೀಕ್ಷೆಯ ಸ್ವರೂಪವೂ ಬದಲಾಯಿತು. ಎಲ್ಲ ಮಕ್ಕಳೂ ಕಾಲೇಜಿಗೆ ಹೋಗುವವರಲ್ಲವಾದುದರಿಂದ, ಶಾಲಾಶಿಕ್ಷಣ ಮುಗಿಯಿತೆಂದು ಸಾರುವ ಬೇರೊಂದು ಪರೀಕ್ಷೆ ಬೇಕಾಯಿತು. ಸರ್ಕಾರದ ಪರೀಕ್ಷಾಮಂಡಲಿಗಳು ಆ ಕೆಲಸವನ್ನು ವಹಿಸಿಕೊಂಡವು. ವಿಶ್ವವಿದ್ಯಾನಿಲಯಗಳು ಅವುಗಳ ಪ್ರಮಾಣಪತ್ರವನ್ನೇ ತಮ್ಮ ಪ್ರವೇಶಾರ್ಹತೆಯನ್ನಾಗಿ ಅಂಗೀಕರಿಸಿದವು. ಇದು ಅನುಕೂಲವಾದ ಏರ್ಪಾಡೇ ಸರಿ. ಆದರೆ ಇದರಿಂದ ಎರಡು ಸಂಗತಿಗಳು ಒಂದೇ ಕಾಗದದಲ್ಲಿ ಬೆರೆತುಹೋದವು. ಮುಂದಿನ ವ್ಯಾಸಂಗಕ್ಕೆ ಬೇಕಾದ ಸಾಮರ್ಥ್ಯ ಇದೆಯೆಂಬುದು ಒಂದು. ನಿಯತವಾದ ಇಷ್ಟು ವರ್ಷಗಳ ಶಾಲಾಶಿಕ್ಷಣ ನಡೆದಿದೆಯೆಂಬುದು ಇನ್ನೊಂದು. ಪರ್ಯಾಯ ಮಾರ್ಗಗಳೆಲ್ಲವೂ ಈ ಎರಡನ್ನು ಮತ್ತೆ ಬಿಡಿಸಿ ನೋಡುವ ಪ್ರಯತ್ನಗಳೇ ಆಗಿವೆ.

೩

ಈ ಮಾರ್ಗಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಶಾಲೆಗೆ ಹೋಗದೆಯೇ ಶಾಲಾಂತ್ಯ ಪ್ರಮಾಣಪತ್ರಕ್ಕೆ ಸಮಾನವಾದುದನ್ನು ಪಡೆಯುವ ಮಾರ್ಗ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಶಾಲೆ ಮುಗಿಸದೆ ಸೈನ್ಯ ಸೇರಿದ ಯುವಕರಿಗಾಗಿ ೧೯೪೨ರಲ್ಲಿ ಸಿದ್ಧವಾದ ಜಿ.ಇ.ಡಿ. ಪರೀಕ್ಷೆಗಳು ಈ ಜಾತಿಯವು. ಯುದ್ಧಾನಂತರ ಅವು ನಾಗರಿಕರಿಗೂ ತೆರೆದವು. ನಮ್ಮಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಯು ೧೯೭೯ರಲ್ಲಿ ಆರಂಭಿಸಿದ ಮುಕ್ತಶಾಲೆಯ ಯೋಜನೆಯು ೧೯೮೯ರಲ್ಲಿ ಸ್ವತಂತ್ರ ಸಂಸ್ಥೆಯಾಗಿ, ೨೦೦೨ರಲ್ಲಿ ರಾಷ್ಟ್ರೀಯ ಮುಕ್ತ ಶಾಲಾಶಿಕ್ಷಣ ಸಂಸ್ಥೆ ಎಂಬ ಹೆಸರನ್ನು ಪಡೆಯಿತು. ಒಮ್ಮೆ ಹೆಸರು ನೋಂದಾಯಿಸಿದವರಿಗೆ ಐದು ವರ್ಷಗಳ ಅವಧಿಯನ್ನು ಕೊಟ್ಟು, ಒಂದೊಂದಾಗಿ ವಿಷಯಗಳನ್ನು ಮುಗಿಸಿಕೊಳ್ಳಲು ಅವಕಾಶ ಮಾಡಿಕೊಟ್ಟುದು ಇದರ ವೈಶಿಷ್ಟ್ಯ. ಇಲ್ಲಿ ಮಾರ್ಗವಷ್ಟೇ ಬೇರೆ. ಕೈಗೆ ಬರುವ ಪ್ರಮಾಣಪತ್ರದ ದರ್ಜೆ ಅದೇ.

ಎರಡನೆಯದು, ಪೂರ್ವಸಿದ್ಧತಾ ಶಿಕ್ಷಣದ ಮಾರ್ಗ. ವಿಶ್ವವಿದ್ಯಾನಿಲಯವು ತಾನೇ, ಅಥವಾ ಅದರೊಡನೆ ಸಂಬಂಧವುಳ್ಳ ಕಾಲೇಜು, ಒಂದು ಅಲ್ಪಾವಧಿಯ ಪಾಠಕ್ರಮವನ್ನು ನಡೆಸಿ ಅದನ್ನು ಮುಗಿಸಿದವರನ್ನು ಪದವಿ ತರಗತಿಗೆ ಸೇರಿಸಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ೧೯೭೮ರಲ್ಲಿ ಸರ್ಕಾರವು ಏಳು ಸ್ಥಳೀಯ ಶಿಕ್ಷಣಾಧಿಕಾರ ಮಂಡಲಿಗಳನ್ನು ಕೇಳಿಕೊಂಡ ಮೇಲೆ ವ್ಯಾಪಕವಾದ ‘ಆಕ್ಸೆಸ್’ ತರಗತಿಗಳು ಇಂಥವು. ೧೯೮೫ರ ಶಾಸನದಿಂದ ಹುಟ್ಟಿದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಹದಿನೆಂಟು ವರ್ಷ ತುಂಬಿದವರಿಗಾಗಿ ನಡೆಸಿದ ಆರು ತಿಂಗಳ ಪೂರ್ವಸಿದ್ಧತಾ ಪಾಠಕ್ರಮವೂ ಇದೇ ವರ್ಗಕ್ಕೆ ಸೇರುತ್ತದೆ. ಸಮಾಜವಿಜ್ಞಾನ, ವಾಣಿಜ್ಯ, ಗಣಿತ ಎಂಬ ಮೂರರಲ್ಲಿ ಎರಡನ್ನು ಆರಿಸಿಕೊಂಡು ತೇರ್ಗಡೆಯಾದರೆ ಆ ವಿಶ್ವವಿದ್ಯಾನಿಲಯದ ಪದವಿ ಶಿಕ್ಷಣಕ್ಕೆ ಸೇರಬಹುದಾಗಿತ್ತು. ಆದರೆ ಅದು ಹನ್ನೆರಡನೆಯ ತರಗತಿಗೆ ಸಮಾನವೆಂದು ಆ ಸಂಸ್ಥೆ ಹೇಳಿರಲಿಲ್ಲ. ಈ ಭೇದವನ್ನು ವಿದ್ಯಾರ್ಥಿಗಳು ಎಷ್ಟೋ ವೇಳೆ ಗಮನಿಸಲಿಲ್ಲ.

ಮೂರನೆಯದು, ವಯಸ್ಸು ಮತ್ತು ಪ್ರವೇಶ ಪರೀಕ್ಷೆಯ ಮಾರ್ಗ. ಇದು ಹಳೆಯ ಮೆಟ್ರಿಕ್ಯುಲೇಷನ್ ಪದ್ಧತಿಯ ಪುನರಾಗಮನವೆನ್ನಬಹುದು. ೧೯೮೨ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಆಂಧ್ರಪ್ರದೇಶ ಮುಕ್ತ ವಿಶ್ವವಿದ್ಯಾನಿಲಯವು (ಈಗಿನ ಡಾ. ಬಿ. ಆರ್. ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾನಿಲಯ) ನಮ್ಮ ದೇಶದ ಪ್ರಥಮ ಮುಕ್ತ ವಿಶ್ವವಿದ್ಯಾನಿಲಯ. ಅದರ ಮೊದಲ ಕುಲಪತಿಗಳಾದ ಜಿ. ರಾಮರೆಡ್ಡಿಯವರ ಕಾಲದಲ್ಲಿಯೇ, ಯಾವ ಪ್ರಮಾಣಪತ್ರವೂ ಇಲ್ಲದವರು ಅರ್ಹತಾ ಪರೀಕ್ಷೆಯೊಂದರ ಮೂಲಕ ಪದವಿ ಶಿಕ್ಷಣಕ್ಕೆ ಬರುವ ಕ್ರಮ ಏರ್ಪಟ್ಟಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೧೯೮೫ರಲ್ಲಿ ದೂರಶಿಕ್ಷಣಕ್ಕೆಂದು ಹೊರಡಿಸಿದ ನಿಯಮಗಳೂ ಇದಕ್ಕೆ ಎಡೆಗೊಟ್ಟವು. ಪ್ರಥಮ ಪದವಿಗೆ ಹನ್ನೆರಡು ವರ್ಷಗಳ ಶಾಲಾಶಿಕ್ಷಣವನ್ನು ಅವು ವಿಧಿಸಿದರೂ, ಪೂರ್ವದ ದಾಖಲೆ ಇಲ್ಲದವರು ಇಪ್ಪತ್ತೊಂದು ವರ್ಷ ತುಂಬಿದವರಾಗಿದ್ದು ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸೇರಬಹುದೆಂದು ಹೇಳಿದವು.

ನಾಲ್ಕನೆಯದು, ಯಾವ ಅರ್ಹತೆಯನ್ನೂ ಕೇಳದ ಮುಕ್ತಪ್ರವೇಶ. ಇದರ ಪ್ರಸಿದ್ಧ ನಿದರ್ಶನ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ. ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

೪

‘ಆಕಾಶ ವಿಶ್ವವಿದ್ಯಾನಿಲಯ’ವೊಂದರ ಕಲ್ಪನೆಯನ್ನು ಹೆರಾಲ್ಡ್ ವಿಲ್ಸನ್ನರು ೧೯೬೩ರಲ್ಲಿ ಗ್ಲಾಸ್ಗೋ ನಗರದ ಭಾಷಣವೊಂದರಲ್ಲಿ ಮುಂದಿಟ್ಟರು. ಮಂತ್ರಿಣಿಯಾಗಿದ್ದ ಜೆನ್ನಿ ಲೀ ಅವರ ಪ್ರಯತ್ನದಿಂದ ೧೯೬೬ರಲ್ಲಿ ಸರ್ಕಾರದ ಶ್ವೇತಪತ್ರ ಹೊರಬಿದ್ದಿತು. ೧೯೬೯ರಲ್ಲಿ ರಾಜಸನ್ನದು ದೊರೆಯಿತು. ವಾಲ್ಟರ್ ಪೆರಿ ಮೊದಲ ಕುಲಪತಿಗಳಾದರು. ೧೯೭೧ರ ಜನವರಿಯಲ್ಲಿ ಪಾಠಗಳು ಆರಂಭವಾದಾಗ ಸುಮಾರು ೨೪,೦೦೦ ಜನ ತಾತ್ಕಾಲಿಕವಾಗಿ ಹೆಸರು ನೋಂದಾಯಿಸಿದ್ದರು. ಇಪ್ಪತ್ತೊಂದು ವರ್ಷ ತುಂಬಿರಬೇಕೆಂಬುದು ಸಾಮಾನ್ಯ ನಿಯಮ. ಶಾಲಾಂತ್ಯ ಪರೀಕ್ಷೆಯ ಮಾತೇ ಇರಲಿಲ್ಲ.

ಪ್ರವೇಶದಲ್ಲಿ ಪರೀಕ್ಷೆಯಿಲ್ಲವೆಂದ ಮೇಲೆ ಪದವಿಯ ಮಟ್ಟ ಉಳಿಯುವುದು ಹೇಗೆ ಎಂಬ ಆಕ್ಷೇಪ ಆಗ ಬಲವಾಗಿ ಕೇಳಿಬಂದಿತು. ಅದಕ್ಕೆ ಆ ಸಂಸ್ಥೆ ಕಂಡುಕೊಂಡ ಪರಿಹಾರವು ಮೂರು ಅಂಗಗಳುಳ್ಳದ್ದು. ಮೊದಲನೆಯದಾಗಿ, ಎಲ್ಲರೂ ತಳಹದಿಯ ಪಾಠಕ್ರಮದಿಂದಲೇ ಆರಂಭಿಸಬೇಕಾಗಿತ್ತು. ಮೊದಲ ವರ್ಷದಲ್ಲಿ ಮಾನವಿಕ, ಸಮಾಜವಿಜ್ಞಾನ, ಗಣಿತ, ವಿಜ್ಞಾನಗಳೆಂಬ ನಾಲ್ಕು ಪಾಠಕ್ರಮಗಳಿದ್ದವು. ಹಿಂದಿನ ಶಿಕ್ಷಣದ ಬಲವಿಲ್ಲದವನನ್ನು ಹೊಸ್ತಿಲಿನಿಂದ ಪದವಿಯ ಮಟ್ಟದ ವಿಚಾರಕ್ಕೆ ಒಯ್ಯುವುದು ಅವುಗಳ ಕೆಲಸ. ಎರಡನೆಯದಾಗಿ, ತಾತ್ಕಾಲಿಕವಾಗಿ ಸೇರಿದವನು ಕೆಲವು ತಿಂಗಳು ಓದಿ ನೋಡಿದ ಬಳಿಕ ಅಂತಿಮ ನೋಂದಣಿ ಮಾಡಿಸಬೇಕಾಗಿತ್ತು. ತನ್ನಿಂದಾಗದೆಂದು ಕಂಡವನು ಹೆಚ್ಚಿನ ನಷ್ಟವಿಲ್ಲದೆ ಹಿಂದಿರುಗಬಹುದಾಗಿತ್ತು. ಮೊದಲ ವರ್ಷವೇ ಹೀಗೆ ಹಿಂದಿರುಗಿದವರು ಸಾವಿರಾರು ಜನ. ಮೂರನೆಯದಾಗಿ, ಪದವಿಯನ್ನು ಬಿಡಿ ಬಿಡಿ ಅಂಕಮಾನಗಳಾಗಿ ಒಡೆದು, ಸಾಮಾನ್ಯ ಪದವಿಗೆ ಆರು, ಆನರ್ಸ್ ಪದವಿಗೆ ಎಂಟು ಎಂದು ಗೊತ್ತುಮಾಡಲಾಯಿತು. ವರ್ಷಕ್ಕೆ ಒಂದರಂತೆ ಸಂಪಾದಿಸಿ, ಬೇಕಾದರೆ ನಡುವೆ ನಿಲ್ಲಿಸಿ, ಮತ್ತೆ ಮುಂದುವರಿಸಬಹುದಾಗಿತ್ತು.

ಎಂದರೆ ಇಲ್ಲಿ ಪರೀಕ್ಷೆ ಇಲ್ಲವಾಗಲಿಲ್ಲ. ಪ್ರವೇಶದ್ವಾರದಲ್ಲಿದ್ದುದು ಒಳಗಿನ ಅಂಗಳಕ್ಕೆ ಸರಿಯಿತು. ಸಾಮರ್ಥ್ಯವನ್ನು ಊಹಿಸುವ ಬದಲು, ಓದಲು ಬಿಟ್ಟು ನೋಡಿ ತಿಳಿಯುವ ಕ್ರಮ ಇದು. ಇದಕ್ಕೆ ಖರ್ಚೂ ಹೆಚ್ಚು, ಬೋಧಕರ ಶ್ರಮವೂ ಹೆಚ್ಚು. ಮನೆಗೆ ಬರುವ ಪಾಠ, ತಿದ್ದಿ ಹಿಂದಿರುಗಿಸುವ ಬರವಣಿಗೆ, ಬೇಸಗೆಯ ವಾಸ್ತವ್ಯ ಶಿಬಿರ, ಹತ್ತಿರದ ಊರಿನಲ್ಲಿ ಸಲಹೆಗಾರರು, ಇವಿಷ್ಟೂ ಇಲ್ಲದೆ ಬಾಗಿಲನ್ನು ಮಾತ್ರ ತೆರೆದಿಟ್ಟರೆ ಬಂದವರು ಬಂದಂತೆಯೇ ಹೊರಗೆ ಹೋಗುತ್ತಾರೆ. ಇನ್ನೊಂದು ಸಂಗತಿಯೂ ಗಮನಾರ್ಹ: ಆರಂಭದ ವರ್ಷಗಳಲ್ಲಿ ಈ ಅವಕಾಶವನ್ನು ಹೆಚ್ಚಾಗಿ ಬಳಸಿಕೊಂಡವರಲ್ಲಿ, ಪದವಿಯಿಲ್ಲದೆ ತರಬೇತಿ ಮಾತ್ರ ಪಡೆದಿದ್ದ ಶಾಲಾ ಉಪಾಧ್ಯಾಯರು ದೊಡ್ಡ ಸಂಖ್ಯೆಯಲ್ಲಿದ್ದರು. ತೆರೆದ ಬಾಗಿಲನ್ನು ಮೊದಲು ಕಾಣುವವರು ಅದರ ಸಮೀಪದಲ್ಲಿರುವವರೇ.

೫

ಬ್ರಿಟನ್ನಿನಲ್ಲಿ ಪದವಿ ಪಡೆದ ಬಳಿಕ, ಆತನು ಶಾಲೆಯನ್ನು ಮುಗಿಸಿದ್ದನೇ ಎಂಬ ಪ್ರಶ್ನೆ ಬಹುಮಟ್ಟಿಗೆ ಹಿಂದೆ ಸರಿಯಿತು. ನಮ್ಮಲ್ಲಿ ಹಾಗಾಗಲಿಲ್ಲ. ತಮಿಳುನಾಡಿನ ಕೆಲವು ವಿಶ್ವವಿದ್ಯಾನಿಲಯಗಳು ‘ಮುಕ್ತ ವಿಶ್ವವಿದ್ಯಾನಿಲಯ ಪದ್ಧತಿ’ ಎಂಬ ಹೆಸರಿನಲ್ಲಿ ಶಾಲಾಂತ್ಯ ಪ್ರಮಾಣಪತ್ರವಿಲ್ಲದವರಿಗೆ ಪ್ರಥಮ ಪದವಿಯನ್ನೂ, ಪ್ರಥಮ ಪದವಿಯಿಲ್ಲದವರಿಗೆ ನೇರವಾಗಿ ಸ್ನಾತಕೋತ್ತರ ಪದವಿಯನ್ನೂ ನೀಡುತ್ತಿದ್ದವು. ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ ಹೀಗೆ ಪಡೆದ ಎಂ.ಎ. ಪದವಿಯ ಆಧಾರದ ಮೇಲೆ ಆದ ಸರ್ಕಾರಿ ನೇಮಕವೊಂದು ವಿವಾದಕ್ಕೊಳಗಾಗಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ೨೦೦೯ರ ಫೆಬ್ರುವರಿಯಲ್ಲಿ ನ್ಯಾಯಾಲಯವು, ಆಯೋಗದ ೧೯೮೫ರ ನಿಯಮಗಳು ಮುಕ್ತಶಿಕ್ಷಣಕ್ಕೂ ಕಡ್ಡಾಯವೆಂದೂ, ಪ್ರಥಮ ಪದವಿಯಿಲ್ಲದೆ ನೀಡಿದ ಸ್ನಾತಕೋತ್ತರ ಪದವಿಯು ಸಿಂಧುವಲ್ಲವೆಂದೂ ತೀರ್ಪಿತ್ತಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ತಮಿಳುನಾಡು ಸರ್ಕಾರವು, ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳನ್ನು ಕ್ರಮವಾಗಿ ಮುಗಿಸದೆ ಮುಕ್ತ ಪದ್ಧತಿಯಲ್ಲಿ ಪಡೆದ ಪದವಿಗಳನ್ನು ಸರ್ಕಾರಿ ನೇಮಕಕ್ಕೂ ಬಡ್ತಿಗೂ ಪರಿಗಣಿಸಲಾಗದೆಂದು ಆಜ್ಞೆ ಹೊರಡಿಸಿತು.

ಇಲ್ಲಿರುವ ವ್ಯತ್ಯಾಸವನ್ನು ಸೂಕ್ಷ್ಮವಾಗಿ ನೋಡಬೇಕು. ನ್ಯಾಯಾಲಯದ ಮುಂದಿದ್ದುದು ಸ್ನಾತಕೋತ್ತರ ಪದವಿಯ ಪ್ರಶ್ನೆ. ಪ್ರವೇಶ ಪರೀಕ್ಷೆಯ ಮೂಲಕ ಪ್ರಥಮ ಪದವಿಗೆ ಬರುವುದಕ್ಕೆ ಅದೇ ೧೯೮೫ರ ನಿಯಮಗಳಲ್ಲಿಯೇ ಅವಕಾಶವಿದ್ದಿತು. ಹಾಗಿದ್ದರೂ ಉದ್ಯೋಗ ಕೊಡುವ ಸರ್ಕಾರವು ಪದವಿಯ ಜೊತೆಗೆ ಅದರ ಹಿಂದಿನ ಮೆಟ್ಟಿಲುಗಳನ್ನೂ ಎಣಿಸತೊಡಗಿತು. ವಿಶ್ವವಿದ್ಯಾನಿಲಯವು ತನ್ನ ಬಾಗಿಲಿನಿಂದ ತೆಗೆದುಹಾಕಿದ ಅಗುಳಿಯನ್ನು ಕಚೇರಿಯ ಬಾಗಿಲಿಗೆ ಹಾಕಿದಂತಾಯಿತು. ಐದಾರು ವರ್ಷ ದುಡಿಮೆಯ ನಡುವೆ ಓದಿ ಪದವೀಧರನಾದವನು, ಆ ಪದವಿಯನ್ನು ಹಿಡಿದು ಹೋದಾಗ ಹತ್ತನೆಯ ತರಗತಿಯ ಅಂಕಪಟ್ಟಿ ಎಲ್ಲಿ ಎಂಬ ಪ್ರಶ್ನೆಗೆ ನಿರುತ್ತರನಾಗಬೇಕಾಯಿತು. ಅವನು ಓದಿದುದು ಸುಳ್ಳಲ್ಲ, ಬರೆದ ಪರೀಕ್ಷೆಗಳೂ ಸುಳ್ಳಲ್ಲ. ಸೇರುವಾಗ ಈ ಮಾತನ್ನು ಅವನಿಗೆ ತಿಳಿಸಿದವರು ಇರಲಿಲ್ಲ.

೬

ಕನ್ನಡನಾಡಿನಲ್ಲಿಯೂ ಈ ವಿಚಾರ ದೂರದ್ದಲ್ಲ. ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣ ಸಂಸ್ಥೆಯು ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಖಾಸಗಿ ಅಭ್ಯರ್ಥಿಗಳಾಗಿ ಕುಳಿತುಕೊಳ್ಳುವವರು ನಮ್ಮಲ್ಲಿ ಹೊಸಬರಲ್ಲ. ಎಸ್.ಎಸ್.ಎಲ್.ಸಿ. ನಂತರ ಪಿ.ಯು.ಸಿ.ಗೆ ಹೋಗದೆ ಮೂರು ವರ್ಷಗಳ ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಪದ್ಧತಿಯೂ ಒಂದು ಪರ್ಯಾಯ ಮಾರ್ಗವೇ. ಆದರೆ ಅದಕ್ಕೆ ಎಲ್ಲೆಡೆಯೂ ಮನ್ನಣೆಯಿರುವುದರಿಂದ ಅದನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಮಾರ್ಗದ ಬೆಲೆ ಅದರ ಕೊನೆಯಲ್ಲಿ ದೊರೆಯುವ ಮನ್ನಣೆಯಿಂದ ನಿರ್ಧಾರವಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆದಕಾರಣ, ತಮ್ಮಲ್ಲಿಗೆ ಸಲಹೆ ಕೇಳಿ ಬರುವ ವಯಸ್ಕ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಮೂರು ಮಾತುಗಳನ್ನು ತಿಳಿಸುವುದು ಒಳ್ಳೆಯದು. ಒಂದು: ಸರ್ಕಾರಿ ನೌಕರಿಯನ್ನಾಗಲಿ ಬಡ್ತಿಯನ್ನಾಗಲಿ ಉದ್ದೇಶಿಸಿ ಓದುವವರು ಮೊದಲನೆಯ ವರ್ಗದ ಮಾರ್ಗವನ್ನೇ, ಎಂದರೆ ಸಮಾನ ಪ್ರಮಾಣಪತ್ರದ ಮಾರ್ಗವನ್ನೇ, ಹಿಡಿಯುವುದು ಕ್ಷೇಮ. ಎರಡು ಮೂರು ವರ್ಷ ಹೆಚ್ಚು ಹಿಡಿದರೂ ಮೆಟ್ಟಿಲುಗಳಾವುವೂ ತಪ್ಪಿಹೋಗುವುದಿಲ್ಲ. ಎರಡು: ಜ್ಞಾನಾರ್ಜನೆಯೇ ಗುರಿಯಾದವರಿಗೆ, ಅಥವಾ ಈಗಾಗಲೇ ಸ್ವಂತ ವೃತ್ತಿಯಲ್ಲಿ ನೆಲೆಸಿದವರಿಗೆ, ಉಳಿದ ಮಾರ್ಗಗಳು ಲಭ್ಯವಿರುವಲ್ಲೆಲ್ಲ ನಿಜವಾಗಿ ಉಪಯುಕ್ತವಾದುವು. ಮೂರು: ದೂರಶಿಕ್ಷಣದ ನಿಯಮಗಳು ೨೦೧೭ರಲ್ಲಿಯೂ ೨೦೨೦ರಲ್ಲಿಯೂ ಹೊಸದಾಗಿ ರಚಿತವಾಗಿವೆ, ಆದುದರಿಂದ ಸೇರುವ ವರ್ಷದ ನಿಯಮವನ್ನೂ, ತಾವು ಅಪೇಕ್ಷಿಸುವ ಹುದ್ದೆಯ ನೇಮಕಾತಿ ನಿಯಮವನ್ನೂ ಎರಡನ್ನೂ ಓದಿಯೇ ಹಣ ಕಟ್ಟಬೇಕು.

ವಿಶ್ವವಿದ್ಯಾನಿಲಯಗಳ ಹೊಣೆ ಇದಕ್ಕಿಂತ ದೊಡ್ಡದು. ಶಾಲೆಯನ್ನು ಮುಗಿಸದವನಲ್ಲಿಯೂ ವ್ಯಾಸಂಗದ ಶಕ್ತಿಯಿರಬಹುದೆಂದು ಒಪ್ಪಿ ಬಾಗಿಲು ತೆರೆದ ಸಂಸ್ಥೆಯು, ಆತನು ಪದವೀಧರನಾದ ದಿನ ಆ ಮಾತನ್ನು ಸರ್ಕಾರದ ಮುಂದೆಯೂ ಎತ್ತಿಹಿಡಿಯಬೇಕು. ಎತ್ತಿಹಿಡಿಯಲಾರದಿದ್ದರೆ ಸೇರಿಸಿಕೊಳ್ಳುವಾಗಲೇ ಸ್ಪಷ್ಟವಾಗಿ ಹೇಳಬೇಕು. ಪ್ರವೇಶ ಮತ್ತು ಮನ್ನಣೆ ಇವೆರಡೂ ಒಂದೇ ನೀತಿಯ ಎರಡು ತುದಿಗಳು. ಅವುಗಳಲ್ಲಿ ಒಂದನ್ನು ಬಿಗಿದು ಇನ್ನೊಂದನ್ನು ಸಡಿಲಿಸಿದಷ್ಟು ಕಾಲವೂ, ಶಾಲೆ ತಪ್ಪಿದವನು ತನ್ನ ಬಾಲ್ಯದ ದುರದೃಷ್ಟಕ್ಕೆ ಎರಡು ಸಲ ಬೆಲೆ ತೆರಬೇಕಾಗುತ್ತದೆ.