ವೈದ್ಯರಿಗಾಗಿ ಓದುವವರು

ದಿನ ತುಂಬುವ ಮೊದಲೇ ಹೆರಿಗೆ ನೋವು ಕಾಣಿಸಿಕೊಂಡ ಗರ್ಭಿಣಿಗೆ ಇಂದು ಆಸ್ಪತ್ರೆಗಳಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವ ಕ್ರಮವಿದೆ. ಶಿಶುವಿನ ಶ್ವಾಸಕೋಶ ಬೇಗ ಬಲಿಯಲಿ, ಹುಟ್ಟಿದೊಡನೆ ಉಸಿರಿಗಾಗಿ ಪರದಾಡದಿರಲಿ ಎಂಬುದು ಇದರ ಉದ್ದೇಶ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ ಎಂಬ ವೈದ್ಯರು ಈ ಚಿಕಿತ್ಸೆಯನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿದ್ದು 1972ರಲ್ಲಿ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆಗಳು ನಡೆದವು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ತಜ್ಞರ ಸಭೆ ಕರೆದು, ಇದನ್ನು ವ್ಯಾಪಕವಾಗಿ ಬಳಸಬೇಕೆಂದು ಹೇಳಿದ್ದು 1994ರಲ್ಲಿ. ನಡುವೆ ಇಪ್ಪತ್ತೆರಡು ವರ್ಷಗಳು ಸಂದುಹೋದವು. ಈ ವಿಳಂಬಕ್ಕೆ ವೈದ್ಯರ ಹಿಂಜರಿಕೆಯೂ ಸೇರಿದಂತೆ ಹಲವು ಕಾರಣಗಳಿದ್ದವು, ನಿಜ. ಆದರೆ ಔಷಧವು ಇತ್ತು, ಅದು ದುಬಾರಿಯೂ ಆಗಿರಲಿಲ್ಲ. ಅದರ ಬಗೆಗಿನ ಬರಹಗಳು ಗ್ರಂಥಾಲಯಗಳ ಕಪಾಟುಗಳಲ್ಲೇ ಇದ್ದವು. ಅವನ್ನು ಒಟ್ಟುಗೂಡಿಸಿ ಹೆರಿಗೆ ಕೋಣೆಯವರೆಗೆ ತಲುಪಿಸುವ ಏರ್ಪಾಡು ಮಾತ್ರ ಇರಲಿಲ್ಲ.

ಇಂತಹ ಏರ್ಪಾಡಿಗೆ ಗ್ರಂಥಾಲಯ ಶಾಸ್ತ್ರದವರು ಪ್ರಚಲಿತ ಅರಿವು ಸೇವೆ ಎನ್ನುತ್ತಾರೆ. ಸೂಚಿಯೇ ಬೇರೆ, ಈ ಸೇವೆಯೇ ಬೇರೆ. ಜಾನ್ ಶಾ ಬಿಲ್ಲಿಂಗ್ಸ್ ಅವರು 1879ರಲ್ಲಿ ಆರಂಭಿಸಿದ ಇಂಡೆಕ್ಸ್ ಮೆಡಿಕಸ್ ವೈದ್ಯಕೀಯ ಬರಹಗಳ ಸೂಚಿ. ಇಂದಿನ ಪಬ್‌ಮೆಡ್ ಅದೇ ಪರಂಪರೆಯದು. ಅದರಲ್ಲಿ ಮೂರೂವರೆ ಕೋಟಿಗೂ ಮಿಕ್ಕ ಬರಹಗಳ ವಿವರವಿದೆ. ಸೂಚಿಯಾದರೋ ಹುಡುಕುವವನಿಗಾಗಿ ಕಾದು ಕುಳಿತಿರುತ್ತದೆ. ತನಗೆ ತಿಳಿಯದ್ದು ಇದೆಯೆಂಬುದೇ ತಿಳಿಯದವನು ಏನನ್ನು ತಾನೇ ಹುಡುಕಿಯಾನು? ಪ್ರಚಲಿತ ಅರಿವು ಸೇವೆಯು ಕೇಳದಿದ್ದರೂ ಬಾಗಿಲಿಗೆ ಬರುವಂಥದು. ಬೆಳಗಿನಿಂದ ರಾತ್ರಿಯವರೆಗೆ ರೋಗಿಗಳ ನಾಡಿ ಹಿಡಿದು ಕುಳಿತ ವೈದ್ಯನಿಗೆ ಎರಡನೆಯದೇ ಬೇಕು. ಓದುಗನ ಸಮಯವನ್ನು ಉಳಿಸುವುದು ಗ್ರಂಥಾಲಯದ ಧರ್ಮವೆಂದು ತಮ್ಮ ಪಂಚಸೂತ್ರಗಳಲ್ಲಿ ಒಂದನ್ನಾಗಿ 1931ರಲ್ಲೇ ಸಾರಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅವರು ಅಲ್ಲಿ ಸ್ಥಾಪಿಸಿದ ಪ್ರಲೇಖನ ತರಬೇತಿ ಕೇಂದ್ರ ಇಂದಿಗೂ ನಡೆಯುತ್ತಿದೆ.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಆಸ್ಪತ್ರೆಗಳಿಗೆ ತಮ್ಮದೇ ಗ್ರಂಥಾಲಯಗಳೂ ಗ್ರಂಥಪಾಲಕರೂ ಇದ್ದಾರೆ. ಹಿಂದೆ ಪ್ರತಿಯೊಬ್ಬ ಗ್ರಂಥಪಾಲಕರೂ ಹೊಸ ಸಂಚಿಕೆಗಳನ್ನು ತಾವೇ ತಿರುವಿ, ತಮ್ಮ ಆಸ್ಪತ್ರೆಗೊಂದು ಪಟ್ಟಿ ಸಿದ್ಧಪಡಿಸುತ್ತಿದ್ದರು. ಮಧುಮೇಹದ ಅದೇ ಮಾರ್ಗಸೂಚಿಯನ್ನು ಹತ್ತು ಊರುಗಳಲ್ಲಿ ಹತ್ತು ಮಂದಿ ಓದಿ, ಹತ್ತು ಸಲ ಸಾರಾಂಶ ಬರೆಯುವ ಪರಿಪಾಠ. ಇಷ್ಟಾದರೂ ಶುಶ್ರೂಷಕಿಗೆ ಬೇಕಾದದ್ದು, ಸೂಲಗಿತ್ತಿಗೆ ಬೇಕಾದದ್ದು, ಮಾನಸಿಕ ರೋಗತಜ್ಞನಿಗೆ ಬೇಕಾದದ್ದು ಇವೆಲ್ಲವನ್ನೂ ಒಬ್ಬರೇ ನೋಡಲಾಗದೆ ಏನಾದರೊಂದು ಬಿಟ್ಟುಹೋಗುತ್ತಿತ್ತು. ಬ್ರೈಟನ್ ನಗರದ ಆಸ್ಪತ್ರೆ ಗ್ರಂಥಾಲಯದಲ್ಲಿ ರೂಪುಗೊಂಡ ನಾಲೆಜ್‌ಶೇರ್ ಎಂಬ ವ್ಯವಸ್ಥೆ ಈ ಪಾಡಿಗೆ ಮದ್ದಾಯಿತು. ಓದಬೇಕಾದ ಮೂಲಗಳನ್ನು ಹಲವು ಗ್ರಂಥಾಲಯಗಳು ಹಂಚಿಕೊಳ್ಳುತ್ತವೆ. ಹೊಸ ಮಾರ್ಗಸೂಚಿ, ಅನೇಕ ಪರೀಕ್ಷೆಗಳನ್ನು ತುಲನೆ ಮಾಡಿದ ಸಮೀಕ್ಷೆ, ಸರ್ಕಾರದ ವರದಿ ಇಂಥದು ಕಂಡಾಗ ಅದನ್ನು ಓದಿದವರು ಒಮ್ಮೆ ದಾಖಲಿಸಿ ವಿಷಯದ ಗುರುತು ಹಾಕುತ್ತಾರೆ. ಸಿಬ್ಬಂದಿ ತಮ್ಮ ಕೆಲಸವನ್ನೂ ಆಸಕ್ತಿಯನ್ನೂ ಮೊದಲೇ ನೋಂದಾಯಿಸಿರುತ್ತಾರೆ. ಎರಡನ್ನೂ ಯಂತ್ರ ಹೊಂದಿಸುತ್ತದೆ, ಪ್ರತಿಯೊಬ್ಬರಿಗೂ ಅವರವರದೇ ಪತ್ರ ಹೋಗುತ್ತದೆ.

ನಮಗೆ ಇಲ್ಲಿ ಮೆಚ್ಚುಗೆಯಾದದ್ದು ಯಂತ್ರವಲ್ಲ. ಹೊಂದಿಸುವ ಕೆಲಸ ಅದಕ್ಕೆ ಸುಲಭ. ಬಂದುದರಲ್ಲಿ ಯಾವುದನ್ನು ಕಳಿಸಬಾರದು ಎಂಬ ವಿವೇಚನೆ ಮನುಷ್ಯರದು. ಅದನ್ನು ಒಬ್ಬರ ಹೆಗಲಿಗೆ ಹೊರಿಸದೆ ಹಂಚಿಕೊಂಡದ್ದೇ ಇಲ್ಲಿನ ಹಿರಿಮೆ.

ಆ ವಿವೇಚನೆಯ ಬೆಲೆ ಕೋವಿಡ್ ಕಾಲದಲ್ಲಿ ಕಂಡಿತು. ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಹಾನಿಯೇ ಹೆಚ್ಚೆಂದು, 671 ಆಸ್ಪತ್ರೆಗಳ ಸುಮಾರು 96 ಸಾವಿರ ರೋಗಿಗಳ ಲೆಕ್ಕ ತೋರಿಸಿದ ಬರಹವೊಂದು 2020ರ ಮೇ 22ರಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು ಆ ಔಷಧದ ಪರೀಕ್ಷೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಮೂಲ ದತ್ತಾಂಶವನ್ನು ಯಾರೂ ಪರಿಶೀಲಿಸಲಾಗದೆಂದು ಹೊರಬಿದ್ದು, ಜೂನ್ 4ರಂದು ಬರಹವನ್ನು ಹಿಂತೆಗೆದುಕೊಳ್ಳಲಾಯಿತು. ಆ ಔಷಧ ಕೋವಿಡ್‌ಗೆ ಪ್ರಯೋಜನವಿಲ್ಲವೆಂದು ಬೇರೆ ಪರೀಕ್ಷೆಗಳು ತೋರಿಸಿದ್ದು ಮುಂದಿನ ಮಾತು. ಮೊದಲ ಸುದ್ದಿ ಓದಿದವರೆಲ್ಲರಿಗೂ ಹಿಂತೆಗೆತದ ಸುದ್ದಿ ತಲುಪಿತೇ? ಯಾವ ಬರಹ ಯಾರಿಗೆ ಹೋಯಿತೆಂಬ ದಾಖಲೆ ಇರುವಲ್ಲಿ ಅದೇ ವಿಳಾಸಗಳಿಗೆ ತಿದ್ದುಪಡಿಯನ್ನೂ ಕಳಿಸಬಹುದು. ಮೊಬೈಲಿನಲ್ಲಿ ಕೈಯಿಂದ ಕೈಗೆ ಹರಿದಾಡಿದ ಮಾತಿನ ಬೆನ್ನು ಹತ್ತುವವರು ಯಾರು?

ಇದು ಅಲೋಪತಿಯವರ ಚಿಂತೆ ಎಂದು ಆಯುರ್ವೇದದವರಾದ ನಾವು ಸುಮ್ಮನಿರುವಂತಿಲ್ಲ. ಅದೇ ದಿನಗಳಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿಯ ಕಷಾಯ ಕುದಿಯುತ್ತಿತ್ತು. ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿ ಕಂಡುದಾಗಿ ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಬಳ್ಳಿಯ ಗುರುತನ್ನೇ ಪರೀಕ್ಷಿಸಿಲ್ಲ, ಅದನ್ನೇ ಹೋಲುವ ಬೇರೆ ಜಾತಿಯ ಬಳ್ಳಿ ಬೆರೆತಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಮರುವರ್ಷ ಹಲವು ಆಸ್ಪತ್ರೆಗಳ ವೈದ್ಯರು ಕೂಡಿ 43 ರೋಗಿಗಳ ವಿವರ ಪ್ರಕಟಿಸಿದರು. ಈ ಮೂರನ್ನೂ ಒಟ್ಟಿಗೆ ಓದಿದವನಿಗೆ ಬಳ್ಳಿಯನ್ನು ದೂಷಿಸಲೂ ಮನಸ್ಸಾಗದು, ಕಣ್ಣುಮುಚ್ಚಿ ಕುಡಿಸಲೂ ಮನಸ್ಸಾಗದು. ಗುರುತು ಬಲ್ಲವರಿಂದಲೇ ಬಳ್ಳಿ ತರಿಸುವುದು, ಯಕೃತ್ತಿನ ತೊಂದರೆ ಉಳ್ಳವರೂ ದೇಹದ ರಕ್ಷಣಾಶಕ್ತಿ ತನ್ನ ಮೇಲೆಯೇ ತಿರುಗಿಬೀಳುವ ಕಾಯಿಲೆ ಉಳ್ಳವರೂ ವೈದ್ಯರನ್ನು ಕೇಳದೆ ನಿತ್ಯ ಸೇವಿಸದಿರುವುದು ಕ್ಷೇಮ. ಮೂರರಲ್ಲಿ ಒಂದನ್ನೇ ಓದಿದವರು ನಮ್ಮಲ್ಲಿ ಎರಡು ಪಂಗಡವಾಗಿ ವಾದಿಸಿದ್ದನ್ನು ಕಂಡಿದ್ದೇವೆ.

ಒಂದೇ ವಿದ್ಯೆಯನ್ನು ಬಲ್ಲವರು ಕೂಡಿ ಚರ್ಚಿಸಿ ಅರಿವನ್ನು ಬೆಳೆಸಿಕೊಳ್ಳುವ ಕ್ರಮವನ್ನು ಚರಕ ಸಂಹಿತೆಯ ವಿಮಾನಸ್ಥಾನವು ತದ್ವಿದ್ಯ ಸಂಭಾಷೆ ಎಂದು ಹೇಳಿದೆ. ಕೂಡಿ ಓದುವುದಕ್ಕೆ ನಮ್ಮಲ್ಲಿ ಸಾಧನಗಳ ಕೊರತೆಯೂ ಇಲ್ಲ. ಆಯುರ್ವೇದ ಸಂಶೋಧನೆಗೆಂದೇ ಕೊಯಮತ್ತೂರಿನಲ್ಲಿ ರೂಪುಗೊಂಡ ಧಾರಾ ಎಂಬ ಸೂಚಿಯಿದೆ, ಸಚಿವಾಲಯದ ಸಂಶೋಧನಾ ಜಾಲತಾಣವಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲೇ ಹೆಲಿನೆಟ್ ಎಂಬ ಒಕ್ಕೂಟ ಕಟ್ಟಿ, ತನ್ನ ಕಾಲೇಜುಗಳಿಗೆ ಪತ್ರಿಕೆಗಳ ಚಂದಾವನ್ನು ಹಂಚಿಕೊಳ್ಳಲು ಕಲಿಸಿತು. ಇನ್ನು ಹಂಚಿಕೊಳ್ಳಬೇಕಾದದ್ದು ಓದನ್ನು. ಒಂದು ಆಯುರ್ವೇದ ಕಾಲೇಜಿನ ಗ್ರಂಥಪಾಲಕರು ದ್ರವ್ಯಗುಣದ ಬರಹಗಳನ್ನು, ಇನ್ನೊಂದರವರು ಪ್ರಸೂತಿ ತಂತ್ರದ್ದನ್ನು, ಮತ್ತೊಂದರವರು ಔಷಧಗಳ ಅಡ್ಡಪರಿಣಾಮದ ವರದಿಗಳನ್ನು ವಹಿಸಿಕೊಂಡರೆ ಆರಂಭಕ್ಕೆ ಅಷ್ಟೇ ಸಾಕು. ದಾಖಲಿಸುವಾಗ ಸಸ್ಯದ ಶಾಸ್ತ್ರೀಯ ಹೆಸರು, ಬಳಸಿದ ಭಾಗ, ಗುರುತನ್ನು ಖಚಿತಪಡಿಸಿದವರು ಯಾರು ಎಂಬ ಮೂರು ವಿವರಗಳನ್ನು ಬಿಡದೆ ಬರೆಯಬೇಕು. ಅಮೃತಬಳ್ಳಿಯ ವಾಗ್ವಾದದಲ್ಲಿ ಆಕ್ಷೇಪ ಎದ್ದದ್ದು ಈ ಮೂರನೆಯ ವಿವರದ ಬಗೆಗೇ.