ಹಣದ ಮುಗ್ಗಟ್ಟಿನಲ್ಲಿ ಕಾಯದ ಸಾಧನೆ

ಹಣದ ಮುಗ್ಗಟ್ಟು ಮೊದಲು ಮನಸ್ಸನ್ನು ಕಾಡುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಅದರ ಗುರುತು ಮೊದಲು ಕಾಣಿಸಿಕೊಳ್ಳುವುದು ಶರೀರದಲ್ಲಿ. ಬೆಳಿಗ್ಗೆ ಏಳುವುದು ತಡವಾಗುತ್ತದೆ. ಬಸದಿಗೆ ಹೋಗುವ ರೂಢಿ ತಪ್ಪುತ್ತದೆ. ಸಾಲ ಕೊಟ್ಟವರು ಎದುರಾದಾರೆಂಬ ಅಳುಕಿನಿಂದ ಪೇಟೆಯ ದಾರಿ ಹಿಡಿಯುವುದು ನಿಲ್ಲುತ್ತದೆ. ನೆಂಟರ ಮನೆಯ ಶುಭಕಾರ್ಯಕ್ಕೆ ಹೋಗಲೂ ಸಂಕೋಚ. ಕೊನೆಗೆ ಮನುಷ್ಯನು ಮನೆಯ ಒಂದು ಮೂಲೆಯಲ್ಲಿ ಮೊಬೈಲನ್ನು ನೋಡುತ್ತ ಕುಳಿತುಬಿಡುತ್ತಾನೆ. ದೇಹ ಕುಳಿತಷ್ಟೂ ಚಿಂತೆ ಓಡತೊಡಗುತ್ತದೆ.

ಈ ಅವಸ್ಥೆ ನಮ್ಮ ಕಾಲಕ್ಕೆ ಮಾತ್ರ ಸೇರಿದ್ದಲ್ಲ. 1586ರಲ್ಲಿ ಜೌನ್‌ಪುರದ ಜೈನ ವರ್ತಕರ ಮನೆಯಲ್ಲಿ ಹುಟ್ಟಿದ ಬನಾರಸೀದಾಸರು ತಮ್ಮ ಆತ್ಮಕಥೆ ‘ಅರ್ಧಕಥಾನಕ’ದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ತಂದೆಯವರು ರತ್ನ, ತುಪ್ಪ, ಎಣ್ಣೆ, ಬಟ್ಟೆಗಳನ್ನು ಒಪ್ಪಿಸಿ ಅವರನ್ನು ಆಗ್ರಾಕ್ಕೆ ಕಳುಹಿಸಿದ್ದರು. ವ್ಯಾಪಾರದಲ್ಲಿ ನಷ್ಟವಾಯಿತು, ಕೆಲವು ರತ್ನಗಳು ಕಳೆದೇಹೋದವು. ಆಗ ಅವರು ಪೇಟೆಗೆ ಹೋಗುವುದನ್ನೇ ಬಿಟ್ಟು ಮನೆಯಲ್ಲಿ ಕುಳಿತರು. ಸಂಜೆ ಪ್ರೇಮಕಾವ್ಯಗಳನ್ನು ಓದಿ ನಾಲ್ಕು ಜನಕ್ಕೆ ಕೇಳಿಸುವುದಷ್ಟೇ ಕೆಲಸವಾಯಿತು. ಊಟಕ್ಕೂ ಕಾಸಿಲ್ಲದೆ ಒಬ್ಬ ಕಚೋರಿ ವ್ಯಾಪಾರಿಯ ಬಳಿ ತಿಂಗಳುಗಟ್ಟಲೆ ಸಾಲದಲ್ಲಿ ಉಂಡರು. ಮುಂದೆ ‘ಸಮಯಸಾರ ನಾಟಕ’ದಂತಹ ಅಧ್ಯಾತ್ಮ ಕೃತಿಯನ್ನು ರಚಿಸಿದ ವಿದ್ವಾಂಸರನ್ನೂ ಧನಹಾನಿ ಹೀಗೆ ಮನೆಯೊಳಗೆ ಕೂರಿಸಿತ್ತು. ಆದುದರಿಂದ ಇಂತಹ ಸ್ಥಿತಿಗೆ ಬಂದವರು ತಮ್ಮನ್ನು ತಾವೇ ಹೀನರೆಂದು ಭಾವಿಸಬೇಕಾಗಿಲ್ಲ. ಅದರಿಂದ ಎದ್ದು ಬರುವ ದಾರಿಯನ್ನು ಹುಡುಕಬೇಕು. ಜೈನಾಚಾರ್ಯರು ತೋರಿದ ದಾರಿಯಲ್ಲಿ ಶರೀರಕ್ಕೆ ದೊಡ್ಡ ಕೆಲಸವಿದೆ.

ಚಿಂತೆಯ ನಾಲ್ಕು ಬಗೆ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಬೇಡವಾದುದು ಬಂದು ಸೇರಿದಾಗ ಅದು ತೊಲಗಲೆಂದು ಹಂಬಲಿಸುವುದು ಒಂದು. ಬೇಕಾದುದು ಅಗಲಿದಾಗ ಅದು ಮರಳಲೆಂದು ಕೊರಗುವುದು ಎರಡನೆಯದು. ದೇಹದ ನೋವಿನಲ್ಲಿಯೇ ಮುಳುಗಿರುವುದು ಮೂರನೆಯದು. ಮುಂದಿನ ಭೋಗಕ್ಕಾಗಿ ಆಸೆಪಡುವ ನಿದಾನವು ನಾಲ್ಕನೆಯದು.

ಸಾಲದಲ್ಲಿ ಸಿಲುಕಿದ ಗೃಹಸ್ಥನ ಒಂದು ರಾತ್ರಿಯಲ್ಲಿ ಈ ನಾಲ್ಕೂ ಸುಳಿದು ಹೋಗುತ್ತವೆ. ಬ್ಯಾಂಕಿನ ನೋಟಿಸು ಬೇಡವಾದುದರ ಸಂಯೋಗ. ಅಡವಿಟ್ಟ ಚಿನ್ನ, ಮಾರಿದ ಜಮೀನು ಬೇಕಾದುದರ ವಿಯೋಗ. ನಿದ್ರೆಯಿಲ್ಲದ ತಲೆನೋವು, ಹೊಟ್ಟೆಯ ಸಂಕಟ ವೇದನೆ. ಒಂದು ಲಾಟರಿ ಹೊಡೆದರೆ, ಒಂದು ಆನ್‌ಲೈನ್ ಜೂಜು ಕೈಹಿಡಿದರೆ ಎಲ್ಲವೂ ಸರಿಹೋದೀತೆಂಬ ಕನಸು ನಿದಾನ. ಇವುಗಳ ಬೆನ್ನಿಗೇ ರೌದ್ರಧ್ಯಾನವೂ ಕಾದಿರುತ್ತದೆ. ಇರುವುದನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಕಡುಹಟವನ್ನು ಆಚಾರ್ಯರು ಅದರ ಒಂದು ಬಗೆಯಾಗಿಯೇ ಎಣಿಸಿದ್ದಾರೆ.

ಸಮಾಧಾನದ ಸಂಗತಿಯೆಂದರೆ, ಆರ್ತಧ್ಯಾನವು ವ್ರತವಿಲ್ಲದವರಿಗೂ, ಅಣುವ್ರತಿಗಳಿಗೂ, ಆರನೆಯ ಗುಣಸ್ಥಾನದಲ್ಲಿರುವ ಮುನಿಗಳಿಗೂ ಉಂಟಾಗಬಹುದೆಂದು ಅದೇ ಗ್ರಂಥ ತಿಳಿಸುತ್ತದೆ. ಚಿಂತೆ ಬಂದುದಕ್ಕೆ ನಾಚಬೇಕಾಗಿಲ್ಲ. ಅದನ್ನು ಮನೆಯಲ್ಲಿ ನೆಲೆಗೊಳಿಸದಂತೆ ನೋಡಿಕೊಂಡರೆ ಸಾಕು.

ಕಾಯಕ್ಕೆ ಮೊದಲ ಸ್ಥಾನ

ಅದೇ ಗ್ರಂಥದ ಆರನೆಯ ಅಧ್ಯಾಯ ಯೋಗದ ಲಕ್ಷಣದಿಂದ ಆರಂಭವಾಗುತ್ತದೆ. ಕಾಯ, ವಚನ, ಮನಸ್ಸುಗಳ ಕ್ರಿಯೆಯೇ ಯೋಗ. ಅದೇ ಕರ್ಮದ ಆಸ್ರವಕ್ಕೆ ದ್ವಾರ. ಆ ಕ್ರಿಯೆ ಶುಭವಾದರೆ ಪುಣ್ಯ, ಅಶುಭವಾದರೆ ಪಾಪ. ರೂಢಿಯಲ್ಲಿ ‘ಮನ, ವಚನ, ಕಾಯ’ ಎಂದು ಹೇಳಿದರೂ ಸೂತ್ರವು ಕಾಯವನ್ನು ಮೊದಲು ಹೇಳುತ್ತದೆ. ಸಂಕಟದಲ್ಲಿರುವವನಿಗೆ ಈ ಕ್ರಮ ಬಹಳ ಉಪಕಾರಿ. ಕದಡಿದ ಮನಸ್ಸಿಗೆ ‘ಶಾಂತವಾಗಿರು’ ಎಂದು ಹೇಳಿದರೆ ಅದು ಕೇಳುವುದಿಲ್ಲ. ಕಾಲಿಗೆ ‘ಏಳು’ ಎಂದರೆ ಕಾಲು ಏಳುತ್ತದೆ. ನಾಲಿಗೆಗೆ ‘ಪಂಚನಮಸ್ಕಾರ ಮಂತ್ರವನ್ನು ಹೇಳು’ ಎಂದರೆ ನಾಲಿಗೆ ಹೇಳುತ್ತದೆ. ಕಾಯವೂ ವಚನವೂ ಒಂದು ಕಡೆಗೆ ಹೊರಟ ಮೇಲೆ ಮನಸ್ಸು ನಿಧಾನವಾಗಿ ಅವುಗಳ ಹಿಂದೆ ಬರುತ್ತದೆ.

ಹಾಗೆಂದು ಸುಮ್ಮನೆ ತಿರುಗಾಡುವುದನ್ನು ಜೈನಧರ್ಮ ಹೊಗಳುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ ಪ್ರಯೋಜನವಿಲ್ಲದ ಅಲೆದಾಟವನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಎಚ್ಚರವಿಲ್ಲದ ಓಡಾಟದಿಂದ ಸಣ್ಣ ಜೀವಿಗಳಿಗೆ ಹಿಂಸೆ, ತನಗೂ ಆಯಾಸ. ಚಿಂತೆಯನ್ನು ಮರೆಯಲು ಊರೆಲ್ಲ ಸುತ್ತಿ ಬಂದವನು ಬಾಗಿಲು ತೆರೆದೊಡನೆ ಅದೇ ಚಿಂತೆಯನ್ನು ಎದುರಿಸುತ್ತಾನೆ. ಆದುದರಿಂದ ಚಲನೆಗೆ ಉದ್ದೇಶವೂ ಎಚ್ಚರವೂ ಜೊತೆಯಾಗಬೇಕು. ಈ ಎರಡನ್ನೂ ಕಲಿಸುವ ಸಾಧನಗಳು ಶ್ರಾವಕನ ನಿತ್ಯಕ್ರಮದಲ್ಲಿಯೇ ಇವೆ.

ಸಾಮಾಯಿಕದಲ್ಲಿ ಶರೀರ

ಸಾಮಾಯಿಕವೆಂದರೆ ಕಣ್ಣು ಮುಚ್ಚಿ ಕೂರುವುದು ಎಂದೇ ಅನೇಕರ ಎಣಿಕೆ. ಆದರೆ ಪೂರ್ವಾಚಾರ್ಯರು ವಿಧಿಸಿದ ಕ್ರಮದಲ್ಲಿ ಶರೀರ ಮೊದಲು ದುಡಿಯುತ್ತದೆ. ಪೂರ್ವ ಅಥವಾ ಉತ್ತರ ದಿಕ್ಕಿಗೆ ಮುಖಮಾಡಿ ನಿಂತು ಮಂತ್ರಜಪ ಮಾಡಬೇಕು. ಬಳಿಕ ಜೋಡಿಸಿದ ಕೈಗಳನ್ನು ಪ್ರದಕ್ಷಿಣಾಕಾರವಾಗಿ ಮೂರು ಬಾರಿ ಸುತ್ತಿ ತಲೆಬಾಗಬೇಕು. ಕೈಗಳ ಈ ಸುತ್ತಿಗೆ ಆವರ್ತವೆಂದೂ ತಲೆಬಾಗುವುದಕ್ಕೆ ಶಿರೋನತಿಯೆಂದೂ ಹೆಸರು. ಹಾಗೆಯೇ ಬಲಕ್ಕೆ ತಿರುಗುತ್ತ ನಾಲ್ಕು ದಿಕ್ಕಿಗೂ ಮಾಡಿದಾಗ 12 ಆವರ್ತ, 4 ಶಿರೋನತಿಗಳಾಗುತ್ತವೆ. ನಾಲ್ಕು ದಿಕ್ಕುಗಳಲ್ಲಿರುವ ಜಿನರಿಗೂ ಸಾಧುಗಳಿಗೂ ಬಾಗಿದ ತಲೆಗೆ ತನ್ನ ಕೋಣೆಯ ನಾಲ್ಕು ಗೋಡೆಗಳಾಚೆಗೂ ಲೋಕವಿದೆಯೆಂಬ ಅರಿವು ಮರಳುತ್ತದೆ. ಮುಖ ತೋರಿಸಲು ನಾಚಿ ಮುದುಡಿದ್ದ ದೇಹ ಎಲ್ಲ ದಿಕ್ಕಿಗೂ ಮುಖ ತೋರಿಸುತ್ತದೆ.

ಇದರೊಡನೆ ಬರುವುದು ಕಾಯೋತ್ಸರ್ಗ. ಪಾದಗಳ ನಡುವೆ ನಾಲ್ಕು ಅಂಗುಲ ಅಂತರವಿಟ್ಟು, ತೋಳುಗಳನ್ನು ಕೆಳಗೆ ಇಳಿಬಿಟ್ಟು ಅಲುಗದೆ ನಿಲ್ಲುವುದು. ಒಂದು ಪಂಚನಮಸ್ಕಾರಕ್ಕೆ ಮೂರು ಉಸಿರಿನಂತೆ ಒಂಬತ್ತು ಬಾರಿ ಜಪಿಸಿದರೆ 27 ಉಸಿರುಗಳು. ಹಗಲಿನ ಪ್ರತಿಕ್ರಮಣಕ್ಕೆ 108, ರಾತ್ರಿಯದಕ್ಕೆ 54 ಉಸಿರುಗಳ ಕಾಯೋತ್ಸರ್ಗವನ್ನು ಮೂಲಾಚಾರ ಹೇಳುತ್ತದೆ. ಕಾಯೋತ್ಸರ್ಗದ ಅರ್ಥ ಕಾಯದ ಮೇಲಿನ ಮಮತೆಯನ್ನು ಬಿಡುವುದು. ಅತ್ಯಂತ ಹತ್ತಿರದ ಪರಿಗ್ರಹವಾದ ಈ ದೇಹವೇ ತನ್ನದಲ್ಲವೆಂದು 27 ಉಸಿರಿನಷ್ಟು ಹೊತ್ತು ನಿಂತು ಅನುಭವಿಸಿದವನಿಗೆ, ಅಂಗಡಿ, ಹೊಲ, ಠೇವಣಿಗಳು ಎಷ್ಟು ದೂರದ ವಸ್ತುಗಳೆಂಬುದು ತಾನಾಗಿ ತಿಳಿಯುತ್ತದೆ. ವಸ್ತುವಿನ ಮೇಲಿನ ಮೂರ್ಛೆಯೇ ಪರಿಗ್ರಹವೆಂಬ ಮಾತು ಆಗ ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಎರಡು ಘಳಿಗೆ, ಅಂದರೆ 48 ನಿಮಿಷ ಸಾಮಾಯಿಕಕ್ಕೆ ಸಾಧ್ಯವಾಗದಿದ್ದರೆ ಹತ್ತು ನಿಮಿಷದಿಂದ ಆರಂಭಿಸಬಹುದು. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ನಾಲ್ಕು ಮೊಳದ ನೋಟ

ಎರಡನೆಯ ಸಾಧನ ನಡಿಗೆ. ಮುನಿಗಳು, ಆರ್ಯಿಕೆಯರು ವಾಹನವನ್ನೇರದೆ ಊರಿಂದೂರಿಗೆ ವಿಹರಿಸುತ್ತಾರೆ. ಅವರ ನಡಿಗೆಗೆ ಈರ್ಯಾಸಮಿತಿಯ ಕಟ್ಟುಪಾಡಿದೆ. ಸೂರ್ಯನ ಬೆಳಕಿನಲ್ಲಿ, ಜನ ನಡೆದಾಡಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಯಾವ ಜೀವಿಗೂ ನೋವಾಗದಂತೆ ಹೆಜ್ಜೆಯಿಡಬೇಕು. ಗೃಹಸ್ಥನಿಗೆ ಮಹಾವ್ರತವಿಲ್ಲದಿದ್ದರೂ ಈ ಅಭ್ಯಾಸವನ್ನು ದಿನಕ್ಕೆ ಅರ್ಧ ಗಂಟೆ ಪಾಲಿಸಲು ಅಡ್ಡಿಯಿಲ್ಲ. ಮೊಬೈಲನ್ನು ಮನೆಯಲ್ಲಿಟ್ಟು, ಬಿಸಿಲೇರುವ ಮೊದಲು ಬಸದಿಯವರೆಗೆ ನಡೆದುಹೋಗಿ ಮೂರು ಪ್ರದಕ್ಷಿಣೆ ಬಂದು ಮರಳಬಹುದು. ಇರುವೆಯ ಸಾಲನ್ನು ದಾಟಬೇಕಾದ ಕಣ್ಣಿಗೆ ಬಡ್ಡಿಯ ಲೆಕ್ಕ ಕಾಣುವುದಿಲ್ಲ. ಹತ್ತು ವರ್ಷದ ಸಾಲವನ್ನು ಒಂದೇ ರಾತ್ರಿಯಲ್ಲಿ ತೀರಿಸಲು ಹೊರಟ ಮನಸ್ಸಿಗೆ, ಈಗ ನೋಡಬೇಕಾದುದು ಮುಂದಿನ ನಾಲ್ಕು ಮೊಳ ಮಾತ್ರ ಎಂಬ ಪಾಠ ಪಾದಗಳಿಂದಲೇ ದೊರೆಯುತ್ತದೆ.

ಇಂದಿನ ವೈದ್ಯಶಾಸ್ತ್ರವೂ ನಡಿಗೆಗೆ ಒತ್ತು ಕೊಡುತ್ತದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಬೇಕೆಂದೂ ಅದರಿಂದ ಆತಂಕ, ಖಿನ್ನತೆಯ ಲಕ್ಷಣಗಳು ತಗ್ಗುತ್ತವೆಂದೂ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ.

ಚಲನೆ ಮತ್ತು ನಿಶ್ಚಲತೆಗಳ ಈ ನಂಟು ಶ್ರವಣಬೆಳಗೊಳದಲ್ಲಿ ಕಲ್ಲಿನಲ್ಲಿಯೇ ನಿಂತಿದೆ. ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರುವಾಗ ಮೊದಮೊದಲು ಮನೆಯ ಚಿಂತೆ ಜೊತೆಯಲ್ಲಿಯೇ ಏರುತ್ತದೆ. ಒದೆಗಲ್ ಬಸದಿ, ತ್ಯಾಗದ ಕಂಬ, ಅಖಂಡ ಬಾಗಿಲುಗಳನ್ನು ದಾಟುವ ಹೊತ್ತಿಗೆ ಉಸಿರಿನ ಕಡೆಗೆ, ಮುಂದಿನ ಮೆಟ್ಟಿಲಿನ ಕಡೆಗೆ ಗಮನ ಬಂದಿರುತ್ತದೆ. ತುದಿಯಲ್ಲಿ ಕಾಣುವುದು ಕಾಯೋತ್ಸರ್ಗದಲ್ಲಿ ನಿಂತ 58 ಅಡಿಯ ಬಾಹುಬಲಿ. ಅಣ್ಣನನ್ನು ಗೆದ್ದು, ಗೆದ್ದ ರಾಜ್ಯವನ್ನೇ ಬಿಟ್ಟು ಒಂದು ವರ್ಷ ಅಲುಗದೆ ನಿಂತ ಮಹಾಪುರುಷ ಆತ. ಕಳೆದುಕೊಂಡವನು ಏರಿ ಬಂದು, ಬಿಟ್ಟುಕೊಟ್ಟವನ ಎದುರು ನಿಲ್ಲುತ್ತಾನೆ. ಕಳೆದುಹೋಗುವುದಕ್ಕೂ ಬಿಡುವುದಕ್ಕೂ ಇರುವ ಅಂತರವನ್ನು ಅಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೈಯಿಂದಾಗುವ ಸೇವೆ

ಹಣವಿಲ್ಲದಾಗ ಶ್ರಾವಕನನ್ನು ಕಾಡುವ ಇನ್ನೊಂದು ಕೊರಗು, ಮೊದಲಿನಂತೆ ದಾನ ಮಾಡಲಾಗುತ್ತಿಲ್ಲವೆಂಬುದು. ಅಭಿಷೇಕಕ್ಕೆ ಹಣ ಬರೆಸುತ್ತಿದ್ದವನು ಬಸದಿಯ ಸಭೆಯಲ್ಲಿ ಹಿಂದಿನ ಸಾಲಿಗೆ ಸರಿಯುತ್ತಾನೆ, ಬಳಿಕ ಬರುವುದನ್ನೇ ನಿಲ್ಲಿಸುತ್ತಾನೆ. ಆದರೆ ಆರು ಅಂತರಂಗ ತಪಸ್ಸುಗಳಲ್ಲಿ ಒಂದಾದ ವೈಯಾವೃತ್ಯಕ್ಕೆ ಹಣಕ್ಕಿಂತ ಮೈಕೈಗಳು ಹೆಚ್ಚು ಬೇಕು. ರೋಗದಿಂದ ಬಳಲುವ ತ್ಯಾಗಿಗಳ ಶುಶ್ರೂಷೆ, ವೃದ್ಧ ಶ್ರಾವಕರನ್ನು ಕೈಹಿಡಿದು ಬಸದಿಗೆ ಕರೆತರುವುದು, ಬಸದಿಯ ಅಂಗಳವನ್ನು ಮೃದುವಾಗಿ ಗುಡಿಸುವುದು, ಪೂಜೆಗೆ ಸೋಸಿದ ನೀರನ್ನು ಹೊತ್ತು ತರುವುದು ಇವೆಲ್ಲವೂ ಕಾಯದಿಂದ ನಡೆಯುವ ಶುಭಯೋಗ. ಮತ್ತೊಬ್ಬರ ಭಾರವನ್ನು ಹೊರುತ್ತಿರುವಾಗ ತನ್ನ ಭಾರ ಹಗುರವೆನಿಸುತ್ತದೆ. ತಾನು ಇನ್ನೂ ಉಪಯೋಗಕ್ಕೆ ಬರುವವನೆಂಬ ನಂಬಿಕೆಯೂ ಮರಳುತ್ತದೆ.

ಈ ಸಾಧನಗಳಿಂದ ಸಾಲ ತೀರುವುದಿಲ್ಲ. ಪೂರ್ವಾರ್ಜಿತ ಕರ್ಮದ ಉದಯವನ್ನು ಪ್ರದಕ್ಷಿಣೆಯಿಂದ ತಪ್ಪಿಸಿಕೊಳ್ಳಬಹುದೆಂದು ಯಾವ ಆಚಾರ್ಯರೂ ಹೇಳಿಲ್ಲ. ಇವು ಕೊಡುವುದು ಸಮಭಾವವನ್ನು. ಮುಂದಿನ ಸರಿಯಾದ ಕೆಲಸವನ್ನು ಮಾಡಲು ಬೇಕಾದುದೂ ಅದೇ. ಗಾಬರಿಗೊಂಡವನ ಕೈಯಿಂದಲೇ ತಪ್ಪುಗಳು ಹೆಚ್ಚು ನಡೆಯುತ್ತವೆ. ಸುಳ್ಳು ಪತ್ರ ಬರೆಯುವುದು, ನಂಬಿ ಇಟ್ಟದ್ದನ್ನು ನುಂಗುವುದು, ತೂಕದಲ್ಲಿ ಮೋಸ ಮಾಡುವುದು, ಅಸಲಿನಲ್ಲಿ ನಕಲಿ ಬೆರೆಸುವುದು ಸತ್ಯ ಮತ್ತು ಅಚೌರ್ಯ ಅಣುವ್ರತಗಳ ಅತಿಚಾರಗಳೆಂದು ತತ್ತ್ವಾರ್ಥಸೂತ್ರ ಪಟ್ಟಿ ಮಾಡಿದೆ. ಧನ ಹೋದರೆ ಮತ್ತೆ ಬರಬಹುದು, ಇಲ್ಲಿ ಹೋದ ನಂಬಿಕೆ ಬರುವುದು ಕಷ್ಟ. ನಡೆದು ಬಂದು, ಕಾಯೋತ್ಸರ್ಗ ಮುಗಿಸಿ ಲೆಕ್ಕದ ಪುಸ್ತಕವನ್ನು ತೆರೆದವನು ಸಾಲವೆಷ್ಟು, ಆದಾಯವೆಷ್ಟು, ಬಿಡಬಹುದಾದ ಖರ್ಚು ಯಾವುದು ಎಂದು ಮನೆಯವರೊಡನೆ ಕುಳಿತು ನೋಡಬಲ್ಲ. ಸಾಲ ಕೊಟ್ಟವರ ಬಳಿಗೆ ತಾನಾಗಿಯೇ ನಡೆದುಹೋಗಿ ಕಾಲಾವಕಾಶ ಕೇಳಬಲ್ಲ. ಕಷ್ಟಕಾಲದಲ್ಲಿ ಶ್ರಾವಕನು ನಡೆಯಬೇಕಾದ ಅತ್ಯಂತ ಕಠಿಣವಾದ ದಾರಿ ಬಹುಶಃ ಇದೇ. ಬನಾರಸೀದಾಸರು ತಮ್ಮ ಸ್ಥಿತಿಯನ್ನು ಕಚೋರಿ ವ್ಯಾಪಾರಿಗೆ ಮರೆಮಾಚದೆ ತಿಳಿಸಿದಾಗ ಆತ ಸಾಲದಲ್ಲಿಯೇ ಉಣ್ಣುವಂತೆ ಧೈರ್ಯ ಹೇಳಿದ. ಮುಂದೆ ಕೈಗೆ ಹಣ ಬಂದಾಗ ಅವರು ಆ ಸಾಲವನ್ನು ಲೆಕ್ಕಹಾಕಿ ತೀರಿಸಿದರು.

ಮೊಣಕಾಲಿನ ನೋವು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿ ತಮ್ಮ ಶಕ್ತಿಗೆ ತಕ್ಕಷ್ಟನ್ನೇ ಮಾಡಬೇಕು. ಕುಳಿತು ಮಾಡುವ ಆವರ್ತ, ಕುಳಿತು ಎಣಿಸುವ 27 ಉಸಿರುಗಳಿಗೂ ಫಲವಿದೆ. ಕಾಲು ಏಳದಷ್ಟು ಮನಸ್ಸು ಕುಗ್ಗಿದ್ದರೆ, ಬದುಕೇ ಬೇಡವೆನಿಸಿದರೆ, ಒಂಟಿಯಾಗಿರದೆ ಕೂಡಲೇ ಮನೆಯವರಿಗೆ ಹೇಳಬೇಕು, ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಸಲ್ಲೇಖನದ ಪಾವಿತ್ರ್ಯವನ್ನು ಬಲ್ಲ ಧರ್ಮವು ಹತಾಶೆಯಿಂದ ಪ್ರಾಣ ಬಿಡುವುದನ್ನು ಎಂದಿಗೂ ಒಪ್ಪುವುದಿಲ್ಲ. ಮನೆಯಲ್ಲಿ ಹೀಗೆ ಕುಳಿತುಬಿಟ್ಟವರು ಇದ್ದರೆ ಅವರಿಗೆ ಉಪದೇಶಕ್ಕಿಂತ ‘ಬನ್ನಿ, ಬಸದಿಯವರೆಗೆ ಹೋಗಿಬರೋಣ’ ಎಂಬ ಕರೆ ಹೆಚ್ಚು ಉಪಕಾರಿ. ಜೊತೆಗೆ ನಡೆಯುವುದೂ ಒಂದು ವೈಯಾವೃತ್ಯವೇ.

ಮನುಷ್ಯಪರ್ಯಾಯ ದುರ್ಲಭವೆಂದು ಆಚಾರ್ಯರು ಮತ್ತೆ ಮತ್ತೆ ಎಚ್ಚರಿಸುತ್ತಾರೆ. ಯಾವ ಮಾರುಕಟ್ಟೆ ಕುಸಿದರೂ ಈ ಕಾಯದಿಂದ ಸಾಧಿಸಬಹುದಾದ ಧರ್ಮ ಕುಸಿಯುವುದಿಲ್ಲ. ನಾಳೆಯ ಬೆಳಕು ಹರಿದಾಗ ಪೂರ್ವಕ್ಕೆ ಮುಖಮಾಡಿ ಎದ್ದು ನಿಲ್ಲುವುದು, ಕೈಜೋಡಿಸಿ ಮೂರು ಆವರ್ತ ಮಾಡಿ ತಲೆಬಾಗುವುದು, ಮುಂದಿನ ನಾಲ್ಕು ಮೊಳವನ್ನು ನೋಡುತ್ತ ಮನೆಯ ಹೊಸ್ತಿಲು ದಾಟುವುದು. ಇಷ್ಟು ಪುರುಷಾರ್ಥಕ್ಕೆ ಯಾವ ಬಡವನಿಗೂ ಕೊರತೆಯಿಲ್ಲ.